ಓಲೆ ನಮ್ಮದು, ಕಂಟ ಯಾರದು?

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ಆಕೆಯ ಔದಾರ್ಯಕ್ಕೆ ನಿದರ್ಶನವಾಗಿ ಅದನ್ನು ಹೇಳುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಆ ದಾನ ಸಾಧ್ಯವಾದುದಕ್ಕೆ ಇನ್ನೊಂದು ಕಾರಣವೂ ಉಂಟು. ಓಲೆಗರಿಯ ಗ್ರಂಥವನ್ನು ಪಡೆದವನು ಅದನ್ನು ಓದಬಹುದಿತ್ತು, ನಕಲು ಮಾಡಬಹುದಿತ್ತು, ಲಿಪಿಕಾರನ ತಪ್ಪು ಕಂಡರೆ ತಿದ್ದಬಹುದಿತ್ತು, ಮತ್ತೊಬ್ಬರಿಗೆ ಕೊಡಲೂಬಹುದಿತ್ತು. ಕಂಟವೆಂಬ ಕಬ್ಬಿಣದ ಲೇಖನಿಯನ್ನು ಹಿಡಿಯಲು ಯಾರ ಪರವಾನಗಿಯೂ ಬೇಕಿರಲಿಲ್ಲ.

ಕೇಳುಗರೇ, ಇಂದು ನಾನು ಆಡಬೇಕೆಂದಿರುವುದು ಕಂಪ್ಯೂಟರಿನ ತಂತ್ರಾಂಶವನ್ನು ಕುರಿತ ಮಾತು. ಹಳಗನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ನಾವು ಪತ್ರ ಬರೆಯುವುದು, ಪತ್ರಿಕೆ ಓದುವುದು, ಬ್ಯಾಂಕಿನ ಲೆಕ್ಕ ನೋಡುವುದು, ದೂರದೇಶದ ಮೊಮ್ಮಕ್ಕಳೊಡನೆ ಮಾತನಾಡುವುದು ಎಲ್ಲವೂ ಈಗ ಅದರ ಮೂಲಕವೇ ನಡೆಯುತ್ತಿದೆ. ಓಲೆಯೇನೋ ನಮ್ಮದೇ. ಕಂಟ ಯಾರ ಕೈಯಲ್ಲಿದೆ ಎಂಬುದು ಪ್ರಶ್ನೆ.

ತಂತ್ರಾಂಶವೂ ಮೂಲತಃ ಮನುಷ್ಯರು ಬರೆದ ಒಂದು ಪಠ್ಯವೇ. ಅದಕ್ಕೆ ಆಕರ ಸಂಕೇತವೆಂದು ಹೆಸರು. ಬಹುಮಟ್ಟಿಗೆ ಕಂಪನಿಗಳು ಈ ಆಕರವನ್ನು ಮರೆಮಾಡಿ, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪವನ್ನು ನಮಗೆ ಕೊಡುತ್ತವೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಇದನ್ನು ಒಪ್ಪಲಿಲ್ಲ. ೧೯೮೩ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದರ ಆಕರವನ್ನು ಓದಿ ತಿದ್ದುವ, ಪ್ರತಿ ಮಾಡಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಸುವವನಿಗೆ ಇರಬೇಕೆಂಬುದು ಆ ಚಳವಳಿಯ ನಿಲುವು. ಅತ್ತಿಮಬ್ಬೆಯ ಕಾಲದ ಓದುಗನಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ! ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಇಂಥವನ್ನು ಕನ್ನಡದಲ್ಲಿ ಮುಕ್ತ ತಂತ್ರಾಂಶವೆನ್ನುತ್ತೇವೆ. ಇಂಗ್ಲಿಷಿನಲ್ಲಿ ಉಚಿತಕ್ಕೂ ಮುಕ್ತಕ್ಕೂ ಒಂದೇ ಪದವಿರುವುದರಿಂದ ಅವರು ಅದನ್ನು ವಿವರಿಸುತ್ತಲೇ ಇರಬೇಕಾಗಿದೆ. ನಮಗೆ ಆ ತೊಂದರೆಯಿಲ್ಲ. ಉಚಿತವಾದುದೆಲ್ಲ ಮುಕ್ತವಲ್ಲ.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಒಂದು ಕಟ್ಟುನಿಟ್ಟುಂಟು. 'ಹಸ್ತಪ್ರತಿಯನ್ನು ತೋರಿಸಲಾರೆ, ನಾನು ಕೊಟ್ಟ ಪಾಠವನ್ನು ನಂಬಿರಿ' ಎನ್ನುವ ಸಂಪಾದಕ ಎಷ್ಟೇ ದೊಡ್ಡವನಾದರೂ ನಾವು ಒಪ್ಪುವುದಿಲ್ಲ. ನಮ್ಮ ಬಾಳಿನ ಅರ್ಧ ವ್ಯವಹಾರವನ್ನು ನಡೆಸುವ ಪಠ್ಯದ ವಿಷಯದಲ್ಲಿ ಮಾತ್ರ ಈ ಎಚ್ಚರ ಬೇಡವೆನ್ನುವುದು ಹೇಗೆ?

ಇದು ಬರಿಯ ತತ್ತ್ವದ ಮಾತಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಹಳಗನ್ನಡ ಪಾಠಗಳ ಟಿಪ್ಪಣಿಗಳನ್ನು ಒಂದು ಕನ್ನಡ ತಂತ್ರಾಂಶದಲ್ಲಿ ಅಚ್ಚು ಮಾಡಿಟ್ಟಿದ್ದೆ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಸ್ಥಾನ ದೊರೆತಿತ್ತಾದರೂ ಅಂದಿನ ತಂತ್ರಾಂಶಗಳು ತಮ್ಮ ತಮ್ಮ ಸಂಕೇತಗಳನ್ನೇ ಬಳಸುತ್ತಿದ್ದವು. ನಿವೃತ್ತಿಯ ಅನಂತರ ಹೊಸ ಕಂಪ್ಯೂಟರಿನಲ್ಲಿ ಆ ಕಡತಗಳನ್ನು ತೆರೆದರೆ, ಕಂಡದ್ದು ಪಂಪನಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಆ ತಂತ್ರಾಂಶ ಹೊಸ ಯಂತ್ರದಲ್ಲಿ ನಡೆಯದು. ಮಾಡಿದವರೂ ಅದನ್ನು ಕೈಬಿಟ್ಟಿದ್ದರು. ನನ್ನ ಬರೆಹ ನನ್ನ ಮನೆಯಲ್ಲೇ ಇದ್ದು ನನಗೆ ಪರಕೀಯವಾಗಿತ್ತು. ಕೊನೆಗೆ ನೆರವಾದದ್ದು ಉತ್ಸಾಹಿಗಳು ರಚಿಸಿದ ಒಂದು ಮುಕ್ತ ಪರಿವರ್ತಕ. ಅದೂ ಹಳಗನ್ನಡದ ಱ ಮತ್ತು ೞ ಅಕ್ಷರಗಳಲ್ಲಿ ಎಡವಿತು. ಆದರೆ ಅದರ ಆಕರ ತೆರೆದಿದ್ದುದರಿಂದ ನನ್ನ ಶಿಷ್ಯನೊಬ್ಬ ಒಂದು ಸಂಜೆ ಕುಳಿತು ಆ ಎರಡಕ್ಷರಗಳನ್ನು ಸೇರಿಸಿಕೊಟ್ಟ. ಮುಚ್ಚಿದ ತಂತ್ರಾಂಶವಾಗಿದ್ದರೆ ಎರಡಕ್ಷರಕ್ಕಾಗಿ ಯಾರ ಬಾಗಿಲು ತಟ್ಟಬೇಕಿತ್ತು?

ಇನ್ನು ಖಾಸಗಿತನದ ಮಾತು. ಆಕರ ತೆರೆದಿದ್ದ ಮಾತ್ರಕ್ಕೆ ಖಾಸಗಿತನ ತಾನಾಗಿ ಬಾರದು. ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವುದೂ ಲಿನಕ್ಸ್ ತಿರುಳೇ. ಆದರೂ ಅದರ ಮೇಲೆ ಕುಳಿತ ಅನೇಕ ಆ್ಯಪ್‌ಗಳು ನಾವು ಎಲ್ಲಿದ್ದೇವೆ, ಏನನ್ನು ಹುಡುಕಿದೆವು ಎಂಬುದನ್ನು ಬರೆದಿಟ್ಟುಕೊಳ್ಳುತ್ತವೆ. 'ನಮ್ಮಲ್ಲಿ ಮುಚ್ಚಿಡುವಂಥದು ಏನಿದೆ?' ಎಂದು ಕೆಲವರು ಕೇಳುವುದುಂಟು. ಹಿಂದೆ ಮಗಳಿಗೆ ಬರೆದ ಇನ್‌ಲ್ಯಾಂಡ್ ಪತ್ರವನ್ನು ಅಂಟಿಸಿಯೇ ಡಬ್ಬಿಗೆ ಹಾಕುತ್ತಿದ್ದೆವು. ಅದರಲ್ಲಿ ರಾಜದ್ರೋಹವೇನೂ ಇರುತ್ತಿರಲಿಲ್ಲ. ಮಗಳ ಬಸಿರು, ಮನೆಯ ಸಾಲ, ಅಜ್ಜಿಯ ಕೆಮ್ಮು ಇಷ್ಟೇ. ಆ ಅಂಟು ಅಪರಾಧದ ಗುರುತಲ್ಲ, ಮರ್ಯಾದೆಯ ಗುರುತು. ಆ ಮರ್ಯಾದೆಗೆ ಸಂವಿಧಾನದ ಮನ್ನಣೆ ದೊರಕಿಸಿದ ಮೊಕದ್ದಮೆ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನದೆಂಬುದು ನಮಗೆ ಹೆಮ್ಮೆಯ ವಿಷಯ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ತೀರ್ಪಿತ್ತಿತು.

ಹಕ್ಕು ನ್ಯಾಯಾಲಯದಲ್ಲಿ ದೊರೆತರೂ ಅದನ್ನು ಉಳಿಸಿಕೊಳ್ಳುವುದು ದಿನದಿನದ ಆಯ್ಕೆಗಳಲ್ಲಿ. ಸಿಗ್ನಲ್ ಎಂಬ ಸಂದೇಶದ ತಂತ್ರಾಂಶವನ್ನೇ ನೋಡಿ. ಅದರ ಆಕರ ತೆರೆದಿದೆ. ೨೦೧೬ರಲ್ಲಿ ಅಮೆರಿಕದ ನ್ಯಾಯವ್ಯವಸ್ಥೆ ಬಳಕೆದಾರರ ವಿವರಗಳನ್ನು ಕೇಳಿದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ಸಮಯ ಇವೆರಡರ ಹೊರತು ಕೊಡಲು ಅವರ ಬಳಿ ಏನೂ ಇರಲಿಲ್ಲ. ಕೂಡಿಡದಿದ್ದುದನ್ನು ಯಾರೂ ಕಸಿಯಲಾರರು. ಹಾಗೆಯೇ ಅಂತರಜಾಲದ ಓದಿಗೆ ಫೈರ್‌ಫಾಕ್ಸ್, ಬರೆವಣಿಗೆಗೆ ಲಿಬ್ರೆಆಫೀಸ್ ಇವೆ. ಲಿಬ್ರೆಆಫೀಸ್ ಬಳಸುವ ಕಡತದ ರೂಪ ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು; ಅದರ ನಿಯಮಗಳು ಬಹಿರಂಗವಾಗಿರುವುದರಿಂದ ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಬೇರೊಬ್ಬರು ಓದುವ ಸಾಧನವನ್ನು ರಚಿಸಬಹುದು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಆ ಕಾರಣದಿಂದ ಮೂಲೆ ಸೇರಿದ ಅನೇಕ ಯಂತ್ರಗಳು ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯಬಲ್ಲವು.

ಮುಕ್ತವಾದುದೆಲ್ಲ ನಿರ್ದುಷ್ಟವೆಂದು ನಾನು ಹೇಳಲಾರೆ. ೨೦೧೪ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ ಎಲ್ಲರ ಕಣ್ಣೆದುರಿನ ಆಕರದಲ್ಲೇ ಎರಡು ವರ್ಷ ಅಡಗಿತ್ತು. ತೆರೆದಿಟ್ಟರೆ ಸಾಲದು, ಓದುವವರೂ ಬೇಕು. ೨೦೨೪ರಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲನ್ನು ಇರಿಸಿದ್ದರು. ಸಂಪರ್ಕ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಅದನ್ನು ಹಿಡಿದರು. ಆಕರ ಅವರಿಗೂ ಮುಚ್ಚಿದ್ದರೆ ಆ ಅರ್ಧ ಸೆಕೆಂಡಿನ ಅನುಮಾನ ಅನುಮಾನವಾಗಿಯೇ ಉಳಿಯುತ್ತಿತ್ತೇನೋ. ಅನಾನುಕೂಲಗಳೂ ಇವೆ. ಬಂಧುಗಳೆಲ್ಲ ಬೇರೆಡೆ ಇರುವಾಗ ನಾವೊಬ್ಬರೇ ಸಿಗ್ನಲಿನಲ್ಲಿ ಕುಳಿತರೆ ಯಾರೊಡನೆ ಮಾತು? ಕೈಗೆ ಒಗ್ಗಿದ್ದನ್ನು ಬಿಟ್ಟು ಹೊಸತನ್ನು ಕಲಿಯುವ ಶ್ರಮವೂ ನಮ್ಮ ವಯಸ್ಸಿನವರಿಗೆ ಕಡಮೆಯೇನಲ್ಲ.

ಆದುದರಿಂದ ಎಲ್ಲವನ್ನೂ ಒಂದೇ ದಿನ ತ್ಯಜಿಸಿರೆಂದು ನಾನು ಹೇಳುವುದಿಲ್ಲ. ಮೊದಲಿಗೆ ಯಾವುದಾದರೂ ಒಂದನ್ನು ಬದಲಿಸಿ, ಒಗ್ಗಿದ ಮೇಲೆ ಇನ್ನೊಂದು. ಯಾವ ತಂತ್ರಾಂಶವನ್ನು ಮನೆಗೆ ತರುವಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದು ಮಾಡುವ ಕೆಲಸವನ್ನು ಬಲ್ಲವರು ಯಾರಾದರೂ ಓದಿ ಪರೀಕ್ಷಿಸಬಹುದೇ? ನನ್ನ ಬಗೆಗೆ ಇದು ಏನನ್ನು ಕೂಡಿಟ್ಟುಕೊಳ್ಳುತ್ತದೆ? ನಾಳೆ ನಾನು ಇದನ್ನು ಬಿಟ್ಟು ಹೊರಟರೆ ನನ್ನ ಬರೆಹ ನನ್ನೊಡನೆ ಬರುತ್ತದೆಯೇ? ಮೂರನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ, ಅಲ್ಲಿ ನಾವು ಬರೆಯುತ್ತಿರುವುದು ನಮ್ಮ ಓಲೆಯಲ್ಲ.