ಕಾಸು ಮೊದಲು, ಟಿಕೆಟ್ ಯಾವಾಗ?

(ಯುವಕರ ಸಭೆಯೊಂದರಲ್ಲಿ ಆಡಿದ ಮಾತು)



ನಾನು ಭಾಷಣ ಕಲಿತವನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮನೆ ಸೇರಿದವನು. ನಾಟಕ, ಆರ್ಕೆಸ್ಟ್ರಾ, ಸಂಗೀತ ಸಂಜೆಗಳಿಗೆ ಟಿಕೆಟ್ ಅಚ್ಚು ಹಾಕುತ್ತ ಬಂದಿದ್ದೇನೆ. ಹಾಗಾಗಿ ಟಿಕೆಟ್ಟಿನ ಮಾತನ್ನೇ ಆಡುತ್ತೇನೆ.

ಕೋಲ್ಡ್‌ಪ್ಲೇ ತಂಡದ ಟಿಕೆಟ್ ಮಾರಿದ್ದು 2024ರ ಸೆಪ್ಟೆಂಬರ್ 22ರಂದು. ನವಿ ಮುಂಬಯಿಯಲ್ಲಿ ಕಾರ್ಯಕ್ರಮ ನಡೆದದ್ದು 2025ರ ಜನವರಿ 18, 19 ಮತ್ತು 21ರಂದು. ಸುಮಾರು ನಾಲ್ಕು ತಿಂಗಳು ಮೊದಲೇ ಜನರ ದುಡ್ಡು ಹೋಗಿ ಕೂತಿತ್ತು. ದೊಡ್ಡ ಕಾರ್ಯಕ್ರಮಗಳ ಪದ್ಧತಿಯೇ ಹೀಗೆ. ನೀವು ರಜೆ ಹಾಕಿರುತ್ತೀರಿ, ರೈಲು ಬುಕ್ ಮಾಡಿರುತ್ತೀರಿ. ಟಿಕೆಟ್ ಮಾತ್ರ ಮನೆಗೆ ಬಂದಿರುವುದಿಲ್ಲ.

ತಡ ಯಾಕೆ? "ಇನ್ನೂ ಪ್ರಿಂಟ್ ಆಗುತ್ತಿದೆ" ಅಂದರೆ ಪೂರ್ತಿ ನಂಬಬೇಡಿ. ನಂಬರು ಹೊಡೆದು, ಹರಿಯುವ ಗೆರೆ ಹಾಕಿ ಐದು ಸಾವಿರ ಟಿಕೆಟ್ ಕೊಡುವುದು ನನ್ನಂಥ ಸಣ್ಣ ಪ್ರೆಸ್ಸಿಗೂ ಎರಡು ದಿನದ ಕೆಲಸ. ಸೀಟಿನ ನಕ್ಷೆ ಅಂತಿಮವಾಗದಿದ್ದರೆ ನಮಗೆ ಮ್ಯಾಟರೇ ಬರುವುದಿಲ್ಲ, ಅಷ್ಟೆ. ಇನ್ನೊಂದು ಕಾರಣ ನ್ಯಾಯವಾದದ್ದು. ಬೇಗ ಹಂಚಿದರೆ ಕಲರ್ ಜೆರಾಕ್ಸ್ ಹೊಡೆಯುವವರು, ಬ್ಲ್ಯಾಕಿನಲ್ಲಿ ಮಾರುವವರು ಕಾದು ಕೂತಿರುತ್ತಾರೆ. ಅದಕ್ಕೇ ಕೆಲವರು ಬೇಕೆಂದೇ ಕೊನೆಯ ದಿನಗಳಲ್ಲಿ ಕಳಿಸುತ್ತಾರೆ. ಕಳಿಸಲಿ. ಆದರೆ ಯಾವ ದಿನದೊಳಗೆ ತಲುಪುತ್ತದೆ ಎಂದು ದುಡ್ಡು ತೆಗೆದುಕೊಳ್ಳುವಾಗಲೇ ಹೇಳಬೇಕು. ಹೇಳದಿದ್ದರೆ ಅದು ತಪ್ಪು.

ಈಗ ನಿಮ್ಮ ಕೆಲಸ. ಕೊಳ್ಳುವಾಗಲೇ ಷರತ್ತು ಓದಿ: ಟಿಕೆಟ್ ಕೊರಿಯರಿನಲ್ಲೋ, ಮೊಬೈಲಿನಲ್ಲೋ, ಕೌಂಟರಿನಲ್ಲೋ? ವಿಳಾಸ, ಪಿನ್‌ಕೋಡ್, ಫೋನ್ ಸರಿ ಇರಲಿ. ಹಗಲು ಮನೆಗೆ ಬೀಗ ಹಾಕುವವರಾದರೆ ಆಫೀಸಿನ ವಿಳಾಸ ಕೊಡಿ. ದುಡ್ಡು ಕಟ್ಟಿದ ರಸೀದಿ ಉಳಿಸಿಕೊಳ್ಳಿ. ಹೇಳಿದ ದಿನ ದಾಟಿತೋ, ಕೊರಿಯರ್ ನಂಬರು ಕೇಳಿ. ಫೋನಿನಲ್ಲಿ ಜಗಳ ಆಡಿದರೆ ಸಾಕ್ಷಿ ಉಳಿಯುವುದಿಲ್ಲ, ಬರೆದು ಕೇಳಿ. "ಬರದಿದ್ದರೆ ಗುರುತಿನ ಚೀಟಿ ತೋರಿಸಿ ಕೌಂಟರಿನಲ್ಲಿ ಪಡೆಯಬಹುದೇ?" ಎಂಬುದಕ್ಕೂ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಗಾಬರಿಯಲ್ಲಿ ಗೇಟಿನ ಹತ್ತಿರ ಇನ್ನೊಂದು ಟಿಕೆಟ್ ಕೊಳ್ಳಬೇಡಿ. ನಕಲಿ ಮಾರುವವನು ಕಾಯುವುದೇ ಆ ಗಾಬರಿಗೆ. ಟಿಕೆಟ್ ಕೈಗೆ ಬಂದ ಖುಷಿಯಲ್ಲಿ ಬಾರ್‌ಕೋಡ್ ಕಾಣುವಂತೆ ಫೋಟೋವನ್ನೂ ಹಾಕಬೇಡಿ.

ಕಾರ್ಯಕ್ರಮ ಮುಗಿದರೂ ಟಿಕೆಟ್ ಬರಲಿಲ್ಲವೇ? ಬರಹದಲ್ಲಿ ದುಡ್ಡು ವಾಪಸ್ ಕೇಳಿ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ತಕರಾರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು, ಇಂಗ್ಲಿಷಿಗೆ ತಡವರಿಸಬೇಕಿಲ್ಲ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಮುಂಬಯಿಯಲ್ಲಿದ್ದರೂ ಸರಿ. ಎರಡು ವರ್ಷ ಕಾಲಾವಕಾಶ. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ.

"ಹೋಗಲಿ ಬಿಡು, ಎರಡು ಸಾವಿರ ತಾನೆ" ಅನ್ನಬೇಡಿ. ಸಾವಿರ ಜನ ಹಾಗೆ ಬಿಟ್ಟರೆ ಇಪ್ಪತ್ತು ಲಕ್ಷ. ಅದು ನಿಮ್ಮ ಬೆವರಿನ ದುಡ್ಡು. ಟಿಕೆಟ್ ಯಾರೂ ದಯೆಯಿಂದ ಕೊಡುವ ಪ್ರಸಾದವಲ್ಲ. ಕೇಳಿ ಪಡೆಯಿರಿ.