ಗಡಿಯಾಚೆಯ ಹಣ: ಬರ್ಮಾದ ಒಂದು ನಿದರ್ಶನ

(ಅಧ್ಯಯನ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಅಣೆಕಟ್ಟು, ಗಣಿ, ವಿದ್ಯುತ್ ಸ್ಥಾವರಗಳ ವಿರುದ್ಧ ಗುಡ್ಡಗಾಡಿನ ಜನ ದನಿಯೆತ್ತಿದಾಗಲೆಲ್ಲ ‘ಇವರಿಗೆ ಹೊರದೇಶದ ಹಣ ಬರುತ್ತದೆ’ ಎಂಬ ಮಾತು ಬೆನ್ನಿಗೇ ಬರುತ್ತದೆ. ಅದಕ್ಕೆ ಸಿಟ್ಟಾಗುವುದು ಸುಲಭ. ಆದರೆ ಒಂದು ದೇಶದ ಸರ್ಕಾರ ಇನ್ನೊಂದು ದೇಶದ ಪ್ರಜಾಪ್ರಭುತ್ವವಾದಿ ಗುಂಪುಗಳಿಗೆ, ಮಾನವ ಹಕ್ಕುಗಳ ಸಂಘಟನೆಗಳಿಗೆ ಹಣ ಕೊಡುವುದು ಕಟ್ಟುಕಥೆಯಲ್ಲ. ಅದಕ್ಕೆ ಕಾನೂನು, ಆಯವ್ಯಯ, ಕಚೇರಿಗಳೆಲ್ಲ ಇವೆ. ಅದು ನಡೆಯುವ ಬಗೆಯನ್ನು ಅರಿತ ಮೇಲೆ ಉತ್ತರ ಕೊಡುವುದು ಮೇಲು.

1967ರಲ್ಲಿ ಅಮೆರಿಕದ ‘ರ‍್ಯಾಂಪಾರ್ಟ್ಸ್’ ಪತ್ರಿಕೆಯು, ಅಲ್ಲಿನ ವಿದ್ಯಾರ್ಥಿ ಸಂಘಟನೆಯೊಂದಕ್ಕೆ ಗೂಢಚಾರ ಸಂಸ್ಥೆ ಸಿಐಎ ಗುಟ್ಟಾಗಿ ಹಣ ಕೊಡುತ್ತಿದ್ದುದನ್ನು ಬಯಲಿಗೆಳೆಯಿತು. ಕೊಡುವುದಿದ್ದರೆ ಬಹಿರಂಗವಾಗಿ ಕೊಡಬೇಕೆಂಬ ವಾದ ಆ ಹಗರಣದ ನಂತರ ಬಲಗೊಂಡಿತು. ಪಶ್ಚಿಮ ಜರ್ಮನಿಯ ಪಕ್ಷಗಳ ಪ್ರತಿಷ್ಠಾನಗಳು ಆಗಲೇ ಹಾಗೆ ಮಾಡುತ್ತಿದ್ದವು. 1983ರಲ್ಲಿ ಅಮೆರಿಕದಲ್ಲಿ ‘ನ್ಯಾಷನಲ್ ಎಂಡೋಮೆಂಟ್ ಫಾರ್ ಡೆಮಾಕ್ರಸಿ’ ಹುಟ್ಟಿಕೊಂಡಿತು. ಹೆಸರಿಗೆ ಖಾಸಗಿ ಸಂಸ್ಥೆ. ಹಣ ಬಹುಪಾಲು ಅಲ್ಲಿನ ಸಂಸತ್ತಿನದು. 2024ರ ಆರ್ಥಿಕ ವರ್ಷದಲ್ಲಿ ಅದಕ್ಕೆ ದೊರೆತದ್ದು ಸುಮಾರು 31.5 ಕೋಟಿ ಡಾಲರ್.

ಈ ಹಣದಿಂದ ಆಗುವುದೇನು? ಇಂದು ಮ್ಯಾನ್ಮಾರ್ ಎನಿಸಿಕೊಂಡಿರುವ ಬರ್ಮಾವನ್ನು ನೋಡೋಣ. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿಯವರ ಪಕ್ಷ ಗೆದ್ದರೂ ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. 1992ರಲ್ಲಿ ದೇಶಭ್ರಷ್ಟರಾದ ಬರ್ಮೀಯರು ನಾರ್ವೆಯ ಓಸ್ಲೋ ನಗರದಿಂದ ‘ಡೆಮಾಕ್ರಟಿಕ್ ವಾಯ್ಸ್ ಆಫ್ ಬರ್ಮಾ’ ಎಂಬ ಬಾನುಲಿಯನ್ನು ಆರಂಭಿಸಿದರು. ನಾರ್ವೆ ಸರ್ಕಾರ ಬೆನ್ನಿಗಿತ್ತು. ಅಮೆರಿಕದ ಹಣವೂ ಸೇರಿತು. ಹಳ್ಳಿಯ ಜನ ಶಾರ್ಟ್‌ವೇವ್ ರೇಡಿಯೋಗೆ ಕಿವಿಯಾನಿಸಿ ತಮ್ಮದೇ ದೇಶದ ಸುದ್ದಿಯನ್ನು ಸಾವಿರಾರು ಮೈಲು ದೂರದಿಂದ ಕೇಳಬೇಕಾಗಿತ್ತು. 2007ರಲ್ಲಿ ಇಂಧನ ಬೆಲೆಯೇರಿಕೆಯಿಂದ ತೊಡಗಿದ ಪ್ರತಿಭಟನೆಗೆ ಬೌದ್ಧ ಭಿಕ್ಷುಗಳು ಸಾಲುಸಾಲಾಗಿ ಇಳಿದಾಗ, ಈ ಸಂಸ್ಥೆಯ ವರದಿಗಾರರು ಚೀಲದೊಳಗೆ ಅಡಗಿಸಿಟ್ಟ ಪುಟ್ಟ ಕ್ಯಾಮೆರಾಗಳಿಂದ ಅದನ್ನು ಸೆರೆಹಿಡಿದು ಹೊರಗೆ ಕಳುಹಿಸಿದರು. ಆ ಸೆಪ್ಟೆಂಬರ್ 27ರಂದು ಯಾಂಗೂನಿನಲ್ಲಿ ಜಪಾನಿನ ಪತ್ರಕರ್ತ ಕೆಂಜಿ ನಾಗಾಯಿ ಸೈನಿಕರ ಗುಂಡಿಗೆ ಬಲಿಯಾದುದನ್ನು ಜಗತ್ತು ಕಂಡಿತು. ಅವರ ಕೈಯಲ್ಲಿದ್ದ ಕ್ಯಾಮೆರಾ ಮನೆಯವರನ್ನು ತಲುಪಿದ್ದು 2023ರಲ್ಲಿ. ಚಿತ್ರೀಕರಿಸಿದವರಲ್ಲಿ ಹಲವರು ಸೆರೆಮನೆ ಸೇರಿದರು. ಹೊರದೇಶದ ಹಣದಿಂದ ನಡೆಯಿತೆಂಬ ಕಾರಣಕ್ಕೆ ಈ ಕೆಲಸವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ.

ಆದರೆ ಇದೇ ಕಥೆಗೆ ಕಾಡಿನೊಳಗಿನ ಇನ್ನೊಂದು ಮುಖವಿದೆ; ನಮಗೆ ಹೆಚ್ಚು ಹತ್ತಿರದ್ದು ಅದು. 1990ರ ದಶಕದಲ್ಲಿ ಅಂಡಮಾನ್ ಸಮುದ್ರದ ಯಾದನಾ ಅನಿಲವನ್ನು ಥಾಯ್ಲೆಂಡಿಗೆ ಒಯ್ಯಲು ತೆನಾಸರಿಂ ಬೆಟ್ಟಕಾಡನ್ನು ಸೀಳಿ ಕೊಳವೆಮಾರ್ಗ ಹಾಕಲಾಯಿತು. ಫ್ರಾನ್ಸಿನ ಟೋಟಾಲ್, ಅಮೆರಿಕದ ಯೂನೊಕಾಲ್ ಪಾಲುದಾರರು. ಕಾವಲು ಬರ್ಮಾ ಸೇನೆಯದು. ಸೇನೆ ತಮ್ಮನ್ನು ಒಕ್ಕಲೆಬ್ಬಿಸಿತು, ಬಿಟ್ಟಿದುಡಿಮೆಗೆ ಎಳೆಯಿತು, ಕೊಲೆ ಅತ್ಯಾಚಾರಗಳನ್ನೂ ಮಾಡಿತು ಎಂದು ಗ್ರಾಮಸ್ಥರು 1996ರಲ್ಲಿ ಅಮೆರಿಕದ ನ್ಯಾಯಾಲಯದಲ್ಲೇ ದಾವೆ ಹೂಡಿದರು. 1997ರಲ್ಲಿ ಅಮೆರಿಕ ಬರ್ಮಾದಲ್ಲಿ ಹೊಸ ಹೂಡಿಕೆಯನ್ನು ನಿಷೇಧಿಸಿತಾದರೂ ಯೂನೊಕಾಲ್‌ನ ಹಳೆಯ ಹೂಡಿಕೆಗೆ ಧಕ್ಕೆಯಾಗಲಿಲ್ಲ. 2003ರಲ್ಲಂತೂ ಅಮೆರಿಕದ ನ್ಯಾಯ ಇಲಾಖೆಯೇ, ಇಂಥ ದಾವೆಗಳಿಗೆ ಆ ಕಾನೂನಿನಲ್ಲಿ ಅವಕಾಶವಿಲ್ಲವೆಂದು ವಾದಿಸಿ ನ್ಯಾಯಾಲಯಕ್ಕೆ ಬರೆದುಕೊಟ್ಟಿತು. ಪ್ರಜಾಪ್ರಭುತ್ವಕ್ಕೆ ಹಣ ಕೊಟ್ಟ ಸರ್ಕಾರವೂ ಇದೇ, ಗ್ರಾಮಸ್ಥರ ದಾರಿಗೆ ಅಡ್ಡ ನಿಂತ ಸರ್ಕಾರವೂ ಇದೇ. ಗ್ರಾಮಸ್ಥರು ಬಿಡಲಿಲ್ಲ, 2005ರಲ್ಲಿ ಕಂಪನಿ ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು. ಮೊತ್ತವನ್ನು ಬಹಿರಂಗಪಡಿಸಲಿಲ್ಲ.

ಇಂಥ ಹಣ ನಿಲ್ಲುವುದೂ ಕೊಡುವವರ ಮರ್ಜಿಯಂತೆಯೇ. 2021ರ ಫೆಬ್ರವರಿಯಲ್ಲಿ ಸೇನೆ ಮತ್ತೆ ಅಧಿಕಾರ ಕಸಿದುಕೊಂಡಿತು. ಒಂದು ದಶಕದ ಹಿಂದೆ ತಾಯ್ನಾಡಿಗೆ ಮರಳಿದ್ದ ಆ ಸುದ್ದಿಸಂಸ್ಥೆ ಪರವಾನಗಿ ಕಳೆದುಕೊಂಡು ಮತ್ತೆ ದೇಶಭ್ರಷ್ಟವಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ವಿದೇಶಿ ನೆರವನ್ನು ತಡೆಹಿಡಿದಾಗ ಗಡಿಯಾಚೆ ದುಡಿಯುತ್ತಿದ್ದ ಅನೇಕ ಬರ್ಮೀ ಸುದ್ದಿಮನೆಗಳು ತತ್ತರಿಸಿದವು. ಎಂಡೋಮೆಂಟ್ ತನ್ನದೇ ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕೃಷಿ ವಿಜ್ಞಾನ ಓದಿದ ನನಗೆ ಸೊಪ್ಪಿನಬೆಟ್ಟ ನೆನಪಾಗುತ್ತದೆ: ಅದನ್ನು ಮರೆತು ಗೊಬ್ಬರದ ಚೀಲವನ್ನೇ ನೆಚ್ಚಿದ ತೋಟ, ಚೀಲ ಬಾರದ ವರ್ಷ ಸೊರಗುತ್ತದೆ.

ಇನ್ನು ನಮ್ಮ ದೇಶ. 2005ರಲ್ಲಿ ವಿಶ್ವಸಂಸ್ಥೆ ಸ್ಥಾಪಿಸಿದ ಪ್ರಜಾಪ್ರಭುತ್ವ ನಿಧಿಗೆ ಮೊದಲಿಗೆ ಹಣ ಕೊಟ್ಟವರಲ್ಲಿ ಭಾರತವೂ ಒಂದು. ಆ ನಿಧಿ ಹೋಗುವುದು ಬಹುಮಟ್ಟಿಗೆ ಪರದೇಶಗಳ ನಾಗರಿಕ ಸಂಘಟನೆಗಳಿಗೆ. ಹೀಗೆ ಕೊಡುವುದು ತಪ್ಪಲ್ಲ ಎಂದಾದರೆ ಪಡೆಯುವುದು ಹೇಗೆ ತಪ್ಪಾದೀತು? ತುರ್ತುಪರಿಸ್ಥಿತಿಯ ಕಾಲದ 1976ರ ವಿದೇಶಿ ವಂತಿಗೆ ಕಾಯಿದೆಯ ಸ್ಥಾನದಲ್ಲಿ 2010ರ ಕಾಯಿದೆ ಬಂತು. 2020ರ ತಿದ್ದುಪಡಿಯು ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೇ ನಿಷೇಧಿಸಿತು. ನಗರದ ದೊಡ್ಡ ಸಂಸ್ಥೆಗಳ ಮೂಲಕ ಸಣ್ಣ ನೆರವು ಪಡೆಯುತ್ತಿದ್ದ ಹಳ್ಳಿಯ ಗುಂಪುಗಳಿಗೆ ಪೆಟ್ಟು ಬಿದ್ದದ್ದು ಇಲ್ಲಿ. ರಾಜಕೀಯ ಪಕ್ಷಗಳ ಪಾಡು ಬೇರೆ. ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಕಾನೂನು ಮುರಿದಿವೆಯೆಂದು 2014ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಹೇಳಿತ್ತು. 2016 ಮತ್ತು 2018ರ ಹಣಕಾಸು ಕಾಯಿದೆಗಳು ‘ವಿದೇಶಿ’ ಎಂಬುದರ ವ್ಯಾಖ್ಯೆಯನ್ನೇ ಪೂರ್ವಾನ್ವಯವಾಗಿ ಬದಲಿಸಿದವು, ಅದೂ 1976ರಿಂದಲೇ!

ಮಾನವ ಹಕ್ಕುಗಳ ರಕ್ಷಕರ ಕುರಿತ 1998ರ ವಿಶ್ವಸಂಸ್ಥೆಯ ಘೋಷಣೆಯ 13ನೇ ವಿಧಿಯು, ಹಕ್ಕುಗಳ ರಕ್ಷಣೆಯ ಶಾಂತಿಯುತ ಕೆಲಸಕ್ಕೆ ಸಂಪನ್ಮೂಲ ಕೇಳುವ, ಪಡೆಯುವ, ಬಳಸುವ ಹಕ್ಕನ್ನು ಮಾನ್ಯ ಮಾಡಿದೆ. ಅದನ್ನೂ 2020ರ ತಿದ್ದುಪಡಿಯನ್ನೂ ಎದುರುಬದುರು ಇಟ್ಟುಕೊಂಡು ಊಟದ ನಂತರದ ಗೋಷ್ಠಿಯಲ್ಲಿ ಓದೋಣ. ಲೆಕ್ಕಪುಸ್ತಕ ಬರೆಯುವ ಗ್ರಾಮ ಸಮಿತಿಯವರು ದಯವಿಟ್ಟು ಅದಕ್ಕೆ ಉಳಿದುಕೊಳ್ಳಬೇಕು.