ಅಪ್ಪ ಮುಚ್ಚಿಟ್ಟಿದ್ದು, ನಾನು ಮುಚ್ಚಿಟ್ಟಿದ್ದು

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣ ಮಾಡುವವನಲ್ಲ. 'ವೃದ್ಧ ತಂದೆ-ತಾಯಿಗಳ ಸೇವೆ' ಎಂಬ ವಿಷಯ ಕೊಟ್ಟಾಗ ಬೇಡವೆಂದೆ. ಈ ವಿಷಯದಲ್ಲಿ ನಾನು ಸೋತವನು ಎಂದು ಪೂಜ್ಯರಿಗೆ ತಿಳಿಸಿದೆ. "ಹಂಗಾದರ ಸೋತದ್ದನ್ನ ಹೇಳ್ರಿ" ಎಂದರು. ಅದನ್ನೇ ಹೇಳುತ್ತೇನೆ.

ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದೆ. 2023ರ ಜೂನ್ ತಿಂಗಳ ಒಂದು ಮಧ್ಯಾಹ್ನ ಕರೆದು, ನಾಳೆಯಿಂದ ಬರುವುದು ಬೇಡ ಎಂದರು. ಊರಿಗೆ ತಿಳಿಸಲಿಲ್ಲ. ನಮ್ಮೂರು ನವಲಗುಂದ ತಾಲ್ಲೂಕಿನಲ್ಲಿದೆ. ಅಪ್ಪನಿಗೆ ಎಪ್ಪತ್ತೊಂದು ವರ್ಷ, ಬಿಪಿ ಇತ್ತು. ಅವ್ವನಿಗೆ ಸಕ್ಕರೆ ಕಾಯಿಲೆ. ಅವರ ಔಷಧಕ್ಕೆಂದು ತಿಂಗಳಿಗೆ ಐದು ಸಾವಿರ ಕಳಿಸುತ್ತಿದ್ದೆ. ನೌಕರಿ ಹೋದ ಮೇಲೂ ಎರಡು ತಿಂಗಳು ಕೈಗಡ ತಂದು ಕಳಿಸಿದೆ. ಮೂರನೆಯ ತಿಂಗಳು ಎರಡು ಸಾವಿರವಷ್ಟೇ ಕಳಿಸಿ, ಬ್ಯಾಂಕಿನಲ್ಲಿ ಏನೋ ತೊಂದರೆ ಎಂದೆ. ಅಪ್ಪ ಮರುಮಾತು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪನ ಬಾಯಿ ಸೊಟ್ಟಗಾಯಿತು. ಬಲಗೈ ಏಳಲಿಲ್ಲ. ಮಾತು ತೊದಲಿತು. "ಗಾಳಿ ಬಡಿದೈತಿ" ಎಂದು ಓಣಿಯವರು ಎಣ್ಣೆ ತಿಕ್ಕಿದರು. ಒಬ್ಬರು ಮಂತ್ರಿಸಿದ ದಾರ ತರಲು ಹೋದರು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏಳು ತಾಸು ಕಳೆದಿತ್ತು. ಮೆದುಳಿನ ರಕ್ತನಾಳದಲ್ಲಿ ಸಿಕ್ಕಿದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. ಆ ಸಮಯ ದಾರಕ್ಕೆ ಹೋಯಿತು. ಆರು ದಿನಕ್ಕೆ ಬಿಲ್ಲು 1,85,000 ರೂಪಾಯಿ. ಕಂಪನಿಯ ವಿಮೆ ನೌಕರಿಯ ಜೊತೆಗೇ ಮುಗಿದಿತ್ತು. ಆ ಆಸ್ಪತ್ರೆ ಸರ್ಕಾರದ ಯೋಜನೆಯಲ್ಲಿ ಇರಲಿಲ್ಲ. ಅವ್ವನ ಬಂಗಾರ ಅಡವಿಟ್ಟೆವು.

ಬಿಪಿ ಇಷ್ಟು ಏರಿದ್ದು ಹೇಗೆ, ಗುಳಿಗೆ ತಪ್ಪಿಸಿದ್ದರೇ ಎಂದು ವೈದ್ಯರು ಕೇಳಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಎರಡ ತಿಂಗಳಾತ್ರಿ, ದಿನಾ ಬಿಟ್ಟ ದಿನಾ ತೊಗೋತಿದ್ರು" ಎಂದಳು.

"ಯಾಕಪ್ಪಾ?" ಎಂದೆ.

ಅಪ್ಪ ತೊದಲುತ್ತಲೇ ಹೇಳಿದ: "ನಿನ್ನ ನೌಕರಿ ಹೋಗೈತಿ ಅಂತ ನಿನ್ನ ದನಿ ಕೇಳೇ ತಿಳಿದಿತ್ತೋ ತಮ್ಮಾ. ನಿನ್ನ ಮ್ಯಾಲ ಭಾರ ಬ್ಯಾಡ ಅಂದ್ಕೊಂಡೆ."

ಬಂಧುಗಳೆ, ನನ್ನ ಮಾನ ಉಳಿಯಲಿ ಎಂದು ನಾನು ಮುಚ್ಚಿಟ್ಟೆ. ನನಗೆ ನೋವಾಗದಿರಲಿ ಎಂದು ಅಪ್ಪ ಮುಚ್ಚಿಟ್ಟ. ಅದರ ಬೆಲೆಯಾಗಿ ಅಪ್ಪನ ಬಲಗೈ ಹೋಯಿತು. ಆ ಬಿಪಿ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ದಾಸೋಹವೆಂದರೆ ಕೊಡುವುದು ಎಂದಷ್ಟೇ ಕಲಿತಿದ್ದೇವೆ. ಕಷ್ಟ ಬಂದಾಗ ಬಾಯಿಬಿಟ್ಟು ಕೇಳುವುದು ಕೀಳೆಂದು ತಿಳಿದಿದ್ದೇವೆ. ಕೇಳುವವರೇ ಇಲ್ಲದಿದ್ದರೆ ಕೊಡುವವರಿಗೆ ತಿಳಿಯುವುದಾದರೂ ಹೇಗೆ?

ಊರಿಗೆ ಬಂದ ಮೇಲೆ ಹದಿನೈದು ದಿನ ಅಪ್ಪನ ಹಾಸಿಗೆ ಬದಲಿಸಿದ್ದು, ಮೈ ಒರೆಸಿದ್ದು ನಮ್ಮ ಮನೆಯವರು. ನೋಡಲು ಬಂದವರೆಲ್ಲ "ಎಂಥಾ ಮಗ" ಎಂದು ನನ್ನನ್ನು ಹೊಗಳಿದರು. ಒಂದು ರಾತ್ರಿ ಅವರು ಮೆತ್ತಗೆ ಕೇಳಿದರು: "ನಿಮಗ ಕೈ ಇಲ್ಲೇನ್ರಿ?" ಮರುದಿನದಿಂದ ಆ ಕೆಲಸ ನನ್ನದಾಯಿತು. ಹೆಣ್ಣು ಗಂಡು ಸಮಾನ ಎಂದು ಈ ವೇದಿಕೆಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಬೆಡ್‌ಪ್ಯಾನ್ ತೊಳೆಯುವಾಗ ಅದು ನನಗೆ ಅರ್ಥವಾಯಿತು.

ಬಂಧುಗಳೊಬ್ಬರು ಶನಿಶಾಂತಿ ಮಾಡಿಸಿ, ಹದಿನೆಂಟು ಸಾವಿರವಾಗುತ್ತದೆ ಎಂದರು. ಆ ಹಣ ಫಿಜಿಯೋಥೆರಪಿಗೆ ಕೊಟ್ಟೆವು. ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾನೆ.

ನಾನು ತಡವಾಗಿ ಕಲಿತದ್ದನ್ನು ನೀವು ಮೊದಲೇ ತಿಳಿದಿರಿ. ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದ ಎಷ್ಟೋ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯಾವ ಆಸ್ಪತ್ರೆ ಯೋಜನೆಯಲ್ಲಿದೆ ಎಂದು ಇಂದೇ ವಿಚಾರಿಸಿ ಗೋಡೆಗೆ ಬರೆದಿಡಿರಿ. ಜನೌಷಧಿ ಕೇಂದ್ರದಿಂದ ನಮ್ಮ ಔಷಧದ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು; ವೈದ್ಯರನ್ನು ಕೇಳಿಯೇ ಬದಲಿಸಿದೆವು. ನೌಕರಿಯಲ್ಲಿರುವ ಮಕ್ಕಳಿಗೆ ಹೇಳಿರಿ: ಕೆಲಸ ಬಿಡುವ ಮೊದಲೇ ಕಂಪನಿಯ ವಿಮೆಯನ್ನು ಸ್ವಂತ ಪಾಲಿಸಿಗೆ ಬದಲಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳಲಿ. ತಂದೆ-ತಾಯಿಯ ಕಾಯಿಲೆಗೆ ಭವಿಷ್ಯನಿಧಿಯಿಂದ ಹಣ ತೆಗೆಯಲು ಅವಕಾಶವಿದೆ. ನಾನು ಕೈಗಡಕ್ಕೆ ಬಡ್ಡಿ ಕಟ್ಟಿದ ಮೇಲೆ ಅದನ್ನು ತಿಳಿದೆ.

ಈಗ ನವಲಗುಂದದಲ್ಲಿ ನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಿಂದಿನ ಪಗಾರದ ಅರ್ಧವೂ ಇಲ್ಲ. ನೌಕರಿ ಹೋದಾಗ ನನ್ನ ಕಾಯಕವೇ ಹೋಯಿತೆಂದು ತಿಳಿದಿದ್ದೆ. ಹೋದದ್ದು ಪಗಾರ ಮಾತ್ರ. ಅವ್ವನ ಬಂಗಾರ ಇನ್ನೂ ಅಡವಿನಲ್ಲಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಬೆಳಿಗ್ಗೆ ಅಪ್ಪ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುತ್ತಾನೆ. ಬಲಗೈ ಏಳುವುದಿಲ್ಲ. ವಿಭೂತಿ ನಾನು ಹಚ್ಚುತ್ತೇನೆ, ಪತ್ರಿ ನನ್ನ ಮಗಳು ಏರಿಸುತ್ತಾಳೆ.

ಪೂಜ್ಯರಲ್ಲಿ ಒಂದು ಬಿನ್ನಹ. ಪ್ರತಿ ಗೋಷ್ಠಿಯ ಬಳಿಕ ಒಂದು ತಾಸು, ದಾಸೋಹ ಮನೆಯ ಪಕ್ಕದಲ್ಲಿ ಒಂದು ಮೇಜು ಹಾಕಿಸಿರಿ. ಹಿರಿಯರ ಬಿಪಿ ನೋಡೋಣ, ಆಸ್ಪತ್ರೆ ಕಾಗದ ತುಂಬಿಕೊಡೋಣ, ಕೆಲಸ ಕಳೆದುಕೊಂಡವರ ಹೆಸರು ಬರೆದುಕೊಳ್ಳೋಣ. ಲೆಕ್ಕ ಬರೆಯಲು ನಾನು ಬರುತ್ತೇನೆ. ಆ ಮೇಜಿನ ಮುಂದೆ ಬಂದು "ನನ್ನ ನೌಕರಿ ಹೋಗೈತ್ರಿ" ಎಂದು ಹೇಳಲು ಯಾರಿಗೂ ನಾಚಿಕೆಯಾಗಬಾರದು.